ಜಾಗ್ವಾರ್ ಮಾರ್ಕ್ 2ರ ಒಳಗಡೆ: ಯಾವುದನ್ನು ಉಳಿಸಬೇಕು, ಯಾವುದನ್ನು ಬದಲಿಸಬೇಕು

ಹಳೇ ಯುರೋಪಿಯನ್ ಕಾರಿನ ಒಳಾಂಗಣ ಸರಿಮಾಡುವುದನ್ನು ಕಲಿಯಲು ನಾನು ಆರಿಸಿಕೊಂಡದ್ದು ಜಾಗ್ವಾರ್ ಮಾರ್ಕ್ 2. 1959ರಿಂದ 1967ರವರೆಗೆ ಇಂಗ್ಲೆಂಡಿನ ಕವೆಂಟ್ರಿಯಲ್ಲಿ ತಯಾರಾದ ನಾಲ್ಕು ಬಾಗಿಲಿನ ಕಾರು. ಚರ್ಮ, ವಾಲ್‌ನಟ್ ಮರ, ಉಣ್ಣೆ ಬಟ್ಟೆ, ಕ್ರೋಮ್ ಎಲ್ಲವೂ ಇದರಲ್ಲಿವೆ. ಇದೊಂದು ಅರ್ಥವಾದರೆ ಆ ಕಾಲದ ಬೇರೆ ಬ್ರಿಟಿಷ್ ಕಾರುಗಳಲ್ಲೂ ಏನು ನೋಡಬೇಕು ಅಂತ ಸುಮಾರಾಗಿ ತಿಳಿಯುತ್ತದೆ.

ಮೊದಲು ನೀರು

ಸೀಟಿಗೆ ಕೈ ಹಾಕುವ ಮೊದಲು ಕಾರ್ಪೆಟ್ ಎತ್ತಿ ನೋಡಿ. ಅದರ ಕೆಳಗೆ ದಪ್ಪ ಫೆಲ್ಟ್, ಅಂದರೆ ನಾರು ಒತ್ತಿ ಮಾಡಿದ ಹಾಸು, ಇರುತ್ತದೆ. ಗಾಜಿನ ರಬ್ಬರ್ ಅಥವಾ ಬಾಗಿಲಿನ ರಬ್ಬರ್ ಒಣಗಿ ಸೀಳಿದ್ದರೆ ನೀರು ಇಳಿದು ಅಲ್ಲೇ ಕೂತಿರುತ್ತದೆ. ಮೇಲೆ ಕಾರ್ಪೆಟ್ ಒಣಗಿರುತ್ತದೆ, ಕೆಳಗೆ ತಗಡು ತುಕ್ಕು ಹಿಡಿಯುತ್ತಿರುತ್ತದೆ. ಫೆಲ್ಟನ್ನು ಬೆರಳಿನಿಂದ ಒತ್ತಿ. ಒದ್ದೆ ಕಂಡರೆ ಮೊದಲು ಸೋರಿಕೆ, ಆಮೇಲೆ ತಗಡಿನ ಕೆಲಸ, ಉಳಿದದ್ದೆಲ್ಲ ಅದರ ನಂತರ. ಹೊಸ ಕಾರ್ಪೆಟ್ ಹಾಸಿ ಆಮೇಲೆ ಸೋರಿಕೆ ಹುಡುಕಿದರೆ ಖರ್ಚು ಎರಡು ಸಲ, ಅಷ್ಟೇ.

ಚರ್ಮ

ಇಲ್ಲಿ ಸ್ವಲ್ಪ ಜಾಸ್ತಿ ಹೊತ್ತು ನಿಲ್ಲಬೇಕು. ಬಿರುಕು ಬಿಟ್ಟ ಸೀಟ್ ಕಂಡ ಕೂಡಲೇ "ಪೂರ್ತಿ ಕಿತ್ತು ಹೊಸದು ಹೊಲಿಸೋಣ" ಅನ್ನಿಸುತ್ತದೆ. ನಮ್ಮ ಕುಶನ್ ಅಂಗಡಿಗಳಲ್ಲೂ ಮೊದಲು ಬರುವ ಮಾತು ಅದೇ. ಆದರೆ ಎಷ್ಟೋ ಸಲ ಬಿರುಕು ಇರುವುದು ಚರ್ಮದಲ್ಲಿ ಅಲ್ಲ, ಚರ್ಮದ ಮೇಲಿನ ಬಣ್ಣದ ಪದರದಲ್ಲಿ. ಪರೀಕ್ಷೆ ಸುಲಭ. ಸೀಟಿನ ಅಡಿಯಲ್ಲಿ ಕವರ್‌ನ ಅಂಚು ಬಿಡಿಸಿ. ಚರ್ಮವನ್ನು ಮೆಲ್ಲಗೆ ಮಡಿಸಿ, ಹಿಂಬದಿಯನ್ನು ಉಜ್ಜಿ ನೋಡಿ. ಮೆತ್ತಗಿದ್ದು ಬಾಗಿದರೆ ಶುಚಿ ಮಾಡಿ, ಚರ್ಮಕ್ಕೆಂದೇ ಇರುವ ಬಣ್ಣ ಹಾಕಿದರೆ ಸಾಕು. ಕೆಂಪು ಪುಡಿ ಕೈಗೆ ಅಂಟಿದರೆ, ಮಡಿಸಿದ ಕಡೆ ಸೀಳಿದರೆ, ಅದು ಮುಗಿದ ಕತೆ.

ಹೊಲಿಗೆ ಬಿಟ್ಟ ಕಡೆ ಇನ್ನೊಂದು ತೊಂದರೆ. ಹಳೇ ತೂತುಗಳ ಪಕ್ಕದಲ್ಲೇ ಮತ್ತೊಂದು ಸಾಲು ಹೊಲಿದರೆ ಚರ್ಮ ಅಂಚೆಚೀಟಿಯ ಅಂಚಿನ ಹಾಗೆ ಹರಿದು ಬರುತ್ತದೆ. ಸಾಧ್ಯವಾದಷ್ಟೂ ಅದೇ ತೂತುಗಳಲ್ಲಿ ಸೂಜಿ ಹೋಗಬೇಕು. ಅಂದರೆ ಕೈ ಹೊಲಿಗೆ.

ತೆಂಗಿನೆಣ್ಣೆ, ಹರಳೆಣ್ಣೆ ಸವರುವ ಸಲಹೆ ಯಾರಾದರೂ ಕೊಟ್ಟೇ ಕೊಡುತ್ತಾರೆ. ಬೇಡ. ಬಣ್ಣದ ಪದರ ಗಟ್ಟಿಯಿದ್ದ ಕಡೆ ಎಣ್ಣೆ ಒಳಗೆ ಇಳಿಯುವುದೇ ಇಲ್ಲ. ಬಿರುಕು ಮತ್ತು ಹೊಲಿಗೆಯ ತೂತುಗಳಲ್ಲಿ ಇಳಿದದ್ದು ಕೆಳಗಿನ ಫೋಮ್ ತಲುಪುತ್ತದೆ. ಆ ಕಾಲದ ಫೋಮ್ ಲೇಟೆಕ್ಸ್ ರಬ್ಬರ್. ಎಣ್ಣೆ ತಾಗಿದರೆ ಉಬ್ಬಿ ಹಾಳಾಗುತ್ತದೆ. ಎಣ್ಣೆ ತಾಗದಿದ್ದರೂ ವಯಸ್ಸಾದ ಲೇಟೆಕ್ಸ್ ಪುಡಿ ಪುಡಿಯಾಗಿ ಉದುರುತ್ತದೆ. ಅದನ್ನು ಉಳಿಸುವ ದಾರಿ ಇಲ್ಲ, ಹೊಸದೇ ಹಾಕಬೇಕು.

ಹೊಸ ಕವರ್ ಹೊಲಿಸಲೇಬೇಕಾದರೆ ಹಳೇ ಕವರೇ ನಿಮ್ಮ ನಕ್ಷೆ. ಬಿಚ್ಚುವ ಮೊದಲು ಪ್ರತಿ ತುಂಡಿಗೂ ನಂಬರ್ ಹಾಕಿ, ಮುಂದಿನ ದಿಕ್ಕಿಗೆ ಬಾಣ ಬರೆಯಿರಿ, ಎರಡು ತುಂಡು ಸೇರುವ ಕಡೆ ಅಡ್ಡಗೆರೆ ಎಳೆಯಿರಿ. ಒಂದು ಎಚ್ಚರಿಕೆ. ಡ್ರೈವರ್ ಸೀಟಿನ ಚರ್ಮ ಕೂತು ಕೂತು ಹಿಗ್ಗಿರುತ್ತದೆ. ಅದರ ಅಳತೆಗೇ ಕತ್ತರಿಸಿದರೆ ಹೊಸ ಕವರ್ ಮೊದಲ ದಿನವೇ ಸುಕ್ಕು. ಪಕ್ಕದ ಸೀಟಿನ ಅಳತೆಯನ್ನೂ ಹೋಲಿಸಿ ನೋಡಬೇಕು. ಚರ್ಮದ ಹಾಳೆಯಲ್ಲೂ ಎಲ್ಲ ಜಾಗ ಒಂದೇ ಅಲ್ಲ. ಬೆನ್ನಿನ ಭಾಗ ಬಿಗಿ, ಹೊಟ್ಟೆಯ ಭಾಗ ಎಳೆದಂತೆ ಬರುತ್ತದೆ. ಕೂರುವ ಜಾಗಕ್ಕೆ ಬೆನ್ನಿನ ಕಡೆಯದ್ದು, ಕಣ್ಣಿಗೆ ಬೀಳದ ಜಾಗಕ್ಕೆ ಹೊಟ್ಟೆಯ ಕಡೆಯದ್ದು.

ಇನ್ನೊಂದು ಮಾತು. 1966ರ ಹೊತ್ತಿಗೆ ಜಾಗ್ವಾರ್ ಈ ಕಾರಿಗೆ ಆಂಬ್ಲಾ ಅನ್ನುವ ವಿನೈಲ್ ಹಾಕಲು ಶುರುಮಾಡಿತು. ಚರ್ಮ ಬೇಕಾದರೆ ಹೆಚ್ಚು ದುಡ್ಡು. ಹಾಗಾಗಿ ಕೊನೆಯ ವರ್ಷಗಳ ಕಾರಿನಲ್ಲಿ ರೆಕ್ಸಿನ್ ತರಹದ್ದು ಕಂಡರೆ "ಯಾರೋ ಅಗ್ಗದ ಕೆಲಸ ಮಾಡಿಸಿದ್ದಾರೆ" ಅಂತ ಕಿತ್ತು ಬಿಸಾಡಬೇಡಿ. ಅದೇ ಅಸಲಿ ಇರಬಹುದು.

ಮರ

ಡ್ಯಾಶ್‌ಬೋರ್ಡ್, ಬಾಗಿಲಿನ ಮೇಲಂಚು ಎಲ್ಲ ವಾಲ್‌ನಟ್ ವಿನಿಯರ್. ಅಂದರೆ ಕೆಳಗಿನ ಮರದ ಮೇಲೆ ಅಂಟಿಸಿದ ವಾಲ್‌ನಟ್ ಮರದ ತೆಳು ಪದರ. ಬಿಸಿಲಿಗೆ ಕೆಡುವುದು ಮೊದಲು ಲ್ಯಾಕರ್, ಅಂದರೆ ಅದರ ಮೇಲೆ ಬಳಿದ ಹೊಳಪಿನ ಪದರ. ಹಳದಿಯಾಗಿ, ಸಣ್ಣ ಸಣ್ಣ ಬಿರುಕು ಬಿಟ್ಟು, ಏಳುತ್ತದೆ. ಮಷಿನ್ ಹಿಡಿದು ಸ್ಯಾಂಡ್ ಪೇಪರ್ ಹೊಡೆದರೆ ಕ್ಷಣದಲ್ಲಿ ವಿನಿಯರ್ ದಾಟಿ ಕೆಳಗಿನ ಮರ ಕಾಣುತ್ತದೆ, ಅಲ್ಲಿಗೆ ಆ ತುಂಡು ಹೋದಂತೆ. ಲ್ಯಾಕರನ್ನು ಸ್ಟ್ರಿಪ್ಪರ್ (ಹಳೇ ಲೇಪ ಕೀಳುವ ರಾಸಾಯನಿಕ) ಹಾಕಿ ಮೆತ್ತಗೆ ಮಾಡಿ ಕೆರೆದು ತೆಗೆಯಿರಿ. ಕೊನೆಯಲ್ಲಿ ಮಾತ್ರ ನಯವಾದ ಕಾಗದ, ಅದೂ ಕೈಯಲ್ಲಿ, ಮರದ ಎಳೆಗಳು ಸಾಗುವ ದಿಕ್ಕಿಗೆ. ಅಂಚು ಎದ್ದಿದ್ದರೆ ಅಡಿಯ ಧೂಳು ತೆಗೆದು, ಅಂಟು ಸೇರಿಸಿ, ಕ್ಲ್ಯಾಂಪ್ ಹಾಕಿ ಬಿಡಬೇಕು.

ಬೇರೆ ಕಾರಿನಿಂದ ಒಂದು ತುಂಡು ತಂದು ಹಾಕಿದರೆ ಏಕೆ ಎದ್ದು ಕಾಣುತ್ತದೆ? ಎಳೆಯ ಚಿತ್ರ, ಬಣ್ಣ ಮರದಿಂದ ಮರಕ್ಕೆ ಬೇರೆ. ಒಂದು ಕೆಟ್ಟಿದ್ದರೆ ಅದನ್ನೇ ರಿಪೇರಿ ಮಾಡಿ ಉಳಿಸುವುದು ಲೇಸು ಅನ್ನುವುದು ನನ್ನ ಅಭಿಪ್ರಾಯ.

ಡ್ಯಾಶ್‌ನ ನಡುವಿನ ಪ್ಯಾನಲ್ ಬಗ್ಗೆ ಹೇಳದಿದ್ದರೆ ಮನಸ್ಸಿಗೆ ಸಮಾಧಾನ ಇಲ್ಲ. ಮೇಲಿನ ಎರಡು ಸ್ಕ್ರೂಗಳನ್ನು ಬೆರಳಲ್ಲೇ ತಿರುಗಿಸಿದರೆ ಇಡೀ ಪ್ಯಾನಲ್ ಮುಂದಕ್ಕೆ ಬಾಗಿ ಕೆಳಗೆ ಬರುತ್ತದೆ. ಮೀಟರ್, ಸ್ವಿಚ್, ಫ್ಯೂಸ್‌ಗಳ ಹಿಂಬದಿ ಎಲ್ಲ ಕಣ್ಣೆದುರು. ಎಷ್ಟು ಚೆನ್ನಾಗಿ ಯೋಚಿಸಿದ್ದಾರೆ ಅಲ್ವಾ! ಬಗ್ಗಿಸುವ ಮೊದಲು ಬ್ಯಾಟರಿ ವೈರ್ ತೆಗೆದಿರಲಿ.

ಕ್ರೋಮ್

ಕಬ್ಬಿಣ ಅಥವಾ ಹಿತ್ತಾಳೆಯ ಭಾಗಕ್ಕೆ ಮತ್ತೆ ಕ್ರೋಮ್ ಹಾಕಿಸುವುದು ಕಷ್ಟವಲ್ಲ. ಕಷ್ಟ ಮಜಾಕ್‌ದು. ಅದು ಸತುವಿನ ಮಿಶ್ರಲೋಹ, ಅಚ್ಚಿನಲ್ಲಿ ಎರೆದದ್ದು. ಮೇಲೆ ಸಣ್ಣ ಗುಳ್ಳೆ ಕಂಡರೆ ಒಳಗೆ ಲೋಹವೇ ಕೊರೆದು ಹೋಗಿರುತ್ತದೆ. ಸುಮ್ನೆ ಮೇಲೆ ಪಾಲಿಶ್ ಹೊಡೆದು ಕ್ರೋಮ್ ಹಾಕಿದರೆ ಗುಳಿ ಇನ್ನೂ ಎದ್ದು ಕಾಣುತ್ತದೆ, ಏಕೆಂದರೆ ಕ್ರೋಮ್ ಪದರ ಬಲು ತೆಳು, ಗುಳಿ ತುಂಬುವುದಿಲ್ಲ. ಪ್ರತಿ ಗುಳಿಯನ್ನೂ ಶುದ್ಧ ಲೋಹ ಸಿಗುವವರೆಗೆ ಕೊರೆದು, ತಾಮ್ರ ತುಂಬಿ, ಸಮ ಮಾಡಿ, ಮೇಲೆ ನಿಕಲ್, ಆಮೇಲೆ ಕ್ರೋಮ್. ಸತು ಆಮ್ಲದಲ್ಲಿ ಕರಗುತ್ತದೆ. ಹಾಗಾಗಿ ಪ್ಲೇಟಿಂಗ್‌ನವರಿಗೆ ಕೊಡುವಾಗ "ಇದು ಮಜಾಕ್" ಅಂತ ಮೊದಲೇ ಹೇಳಿ. ಅನುಮಾನ ಇದ್ದರೆ ಅಯಸ್ಕಾಂತ ಹಿಡಿಯಿರಿ. ಅಂಟದೆ ಇದ್ದರೆ ಕಬ್ಬಿಣ ಅಲ್ಲ. ಹಿತ್ತಾಳೆಯಾದರೆ ಹಿಂಬದಿ ಕೆರೆದಾಗ ಹಳದಿ, ಮಜಾಕ್ ಆದರೆ ಬೂದು.

ವಾಪಸ್ ಜೋಡಿಸುವಾಗ ಮೇಲಿನಿಂದ ಕೆಳಕ್ಕೆ ಬನ್ನಿ: ಚಾವಣಿಯ ಬಟ್ಟೆ, ಮರ, ಕಾರ್ಪೆಟ್, ಕೊನೆಗೆ ಸೀಟು. ಬಾಗಿಲಿನ ಪ್ಯಾನಲ್ ಕೂರಿಸುವ ಮೊದಲು ಗಾಜು ಏರಿಸಿ ಇಳಿಸಿ ನೋಡಿಬಿಡಿ.