ಗಂಡನ ಕೆಲಸ ಹೋಗಿದೆ, ವೀಸಾ ವಿಸ್ತರಣೆಗೆ ನನ್ನ ಸಂಬಳ ತೋರಿಸಬಹುದೇ?

ಪ್ರಶ್ನೆ: ಸಂಗಾತಿಗೆಂದು ಕೊಡುವ ಸ್ಪೌಸ್ ವೀಸಾದಲ್ಲಿ ಬ್ರಿಟನ್‌ಗೆ ಬಂದಿದ್ದೇನೆ. ನಮ್ಮವರು ಬ್ರಿಟಿಷ್ ಪ್ರಜೆ. ಹೋದ ತಿಂಗಳು ಅವರ ಕೆಲಸ ಹೋಯಿತು. ವೀಸಾ ಮುಗಿಯಲು ಇನ್ನು ಹತ್ತು ತಿಂಗಳಿದೆ. ನಾನು ಕೆಲಸಕ್ಕೆ ಸೇರಿ ಆ ಸಂಬಳ ತೋರಿಸಿದರೆ ನಡೆಯುತ್ತದೆಯೇ?

ಉತ್ತರ: ನಡೆಯುತ್ತದೆ. ಊರಿನಿಂದ ಮೊದಲ ಸಲ ಅರ್ಜಿ ಹಾಕಿದಾಗ ನಿಮ್ಮ ಅಲ್ಲಿನ ಸಂಬಳಕ್ಕೆ ಬೆಲೆ ಇರಲಿಲ್ಲ. ಈಗ ನೀವು ಕೆಲಸದ ಅನುಮತಿ ಇಟ್ಟುಕೊಂಡು ಬ್ರಿಟನ್‌ನಲ್ಲೇ ಇದ್ದೀರಿ. ಇಬ್ಬರ ಸಂಬಳವನ್ನೂ ಕೂಡಿಸಬಹುದು, ನಿಮ್ಮದೊಂದೇ ಸಾಕಾದರೆ ಅದೂ ಆಯಿತು. (ಗಂಡ ಕಂಪನಿ ಕೊಡಿಸಿದ ಸ್ಕಿಲ್ಡ್ ವರ್ಕರ್ ವೀಸಾದಲ್ಲಿದ್ದು ಹೆಂಡತಿ ಅವರ ಅವಲಂಬಿತೆಯಾಗಿ (ಡಿಪೆಂಡೆಂಟ್) ಬಂದಿರುವವರು ಇದನ್ನು ತಮಗೆ ಹಚ್ಚಿಕೊಳ್ಳಬೇಡಿ. ಆ ಲೆಕ್ಕವೇ ಬೇರೆ.)

ವಿಸ್ತರಣೆಗೆ ಎಷ್ಟು ಆದಾಯ ತೋರಿಸಬೇಕು? 2024ರ ಏಪ್ರಿಲ್ 11ರಿಂದ ವರ್ಷಕ್ಕೆ ಕನಿಷ್ಠ 29,000 ಪೌಂಡ್. ಆದರೆ ಅದಕ್ಕಿಂತ ಮುಂಚೆಯೇ ಮೊದಲ ಅರ್ಜಿ ಹಾಕಿದ್ದು, ಅದೇ ಸಂಗಾತಿಯ ಜೊತೆ ವಿಸ್ತರಣೆ ಕೇಳುತ್ತಿದ್ದರೆ ಹಳೆಯ 18,600 ಪೌಂಡ್ ಮಿತಿಯೇ ಸಾಕು. ಇದು ಗೊತ್ತಿಲ್ಲದೆ ಸುಮ್ಮನೆ ನಿದ್ದೆಗೆಡುವವರಿದ್ದಾರೆ. ಮೊದಲು ನಿಮ್ಮ ಅರ್ಜಿಯ ತಾರೀಖು ನೋಡಿ.

ನಿಜವಾದ ಇಕ್ಕಟ್ಟು ಸಮಯದ್ದು. ಸರಾಗ ದಾರಿಯೆಂದರೆ ಒಂದೇ ಕಡೆ ಆರು ತಿಂಗಳು ದುಡಿದು, ಆರು ತಿಂಗಳ ಪೇಸ್ಲಿಪ್, ಬ್ಯಾಂಕ್ ಸ್ಟೇಟ್‌ಮೆಂಟ್ ಕೊಡುವುದು. ತಿಂಗಳ ಸಂಬಳದವರಿಗೆ ಆ ಆರು ತಿಂಗಳಲ್ಲಿ ಅತಿ ಕಡಿಮೆ ಇದ್ದ ಸಂಬಳವೇ ಲೆಕ್ಕ. ಪ್ರೊಬೇಷನ್ ಮುಗಿದ ಮೇಲೆ ಏರಿದ್ದು ಉಪಯೋಗಕ್ಕೆ ಬಾರದು. ಹತ್ತರಲ್ಲಿ ಆರು ಕಳೆದರೆ ಕೆಲಸ ಹುಡುಕಲು ಉಳಿಯುವುದು ನಾಲ್ಕೇ ತಿಂಗಳು. ಶಾಲೆ, ಆರೈಕೆಯಂಥ ಕೆಲಸವಾದರೆ ಡಿಬಿಎಸ್ ತಪಾಸಣೆಗೂ (ಅಪರಾಧ ದಾಖಲೆ ಇದೆಯೇ ಎಂದು ನೋಡುವುದು) ಒಂದಿಷ್ಟು ದಿನ ಹೋಗುತ್ತದೆ. ಆರು ತಿಂಗಳು ತುಂಬದಿದ್ದರೆ ಈಗಿನ ಸಂಬಳವೂ ಮಿತಿ ಮುಟ್ಟಬೇಕು, ಕಳೆದ 12 ತಿಂಗಳಲ್ಲಿ ಇಬ್ಬರೂ ಸೇರಿ ದುಡಿದದ್ದೂ ಮುಟ್ಟಬೇಕು. ಅದಕ್ಕೇ ನಿಮ್ಮವರ ಹಳೆಯ ಪೇಸ್ಲಿಪ್‌ಗಳನ್ನು ಜೋಪಾನವಾಗಿಡಿ.

ಕೆಲಸದ ಅರ್ಜಿಗಳಲ್ಲಿ ‘ಈಗ ಅಥವಾ ಮುಂದೆ ಸ್ಪಾನ್ಸರ್‌ಶಿಪ್ ಬೇಕೇ?’ ಎಂಬ ಪ್ರಶ್ನೆ ಇರುತ್ತದೆ, ಅಂದರೆ ನಿಮ್ಮ ವೀಸಾಕ್ಕೆ ಕಂಪನಿಯೇ ಜವಾಬ್ದಾರಿ ಹೊರಬೇಕೇ ಎಂದು. ವೀಸಾ ಎಂದ ಕೂಡಲೇ ಹೆದರಿ ‘ಹೌದು’ ಒತ್ತಿಬಿಡುತ್ತಾರೆ. ಅರ್ಜಿ ಅಲ್ಲಿಗೇ ಮುಗಿಯಿತು. ಸ್ಪೌಸ್ ವೀಸಾದವರಿಗೆ ಕಂಪನಿಯ ಸ್ಪಾನ್ಸರ್‌ಶಿಪ್ ಬೇಕಿಲ್ಲ, ‘ಇಲ್ಲ’ ಎನ್ನಿ. ಸರ್ಕಾರಿ ಜಾಲತಾಣದಿಂದ ಕೆಲಸದ ಹಕ್ಕು ತೋರಿಸುವ ಶೇರ್ ಕೋಡ್ ತೆಗೆದು ಕೊಟ್ಟರೆ ಅವರೇ ಪರಿಶೀಲಿಸಿಕೊಳ್ಳುತ್ತಾರೆ. ಕೋಡ್ 90 ದಿನ ನಡೆಯುತ್ತದೆ. ತೆರಿಗೆ, ವಿಮೆಯ ಲೆಕ್ಕಕ್ಕೆ ಸರ್ಕಾರ ಕೊಡುವ ನ್ಯಾಷನಲ್ ಇನ್ಶೂರೆನ್ಸ್ ನಂಬರ್ ಇನ್ನೂ ಕೈಗೆ ಬಂದಿಲ್ಲವೆಂದು ಕಾಯಬೇಡಿ, ಅದಿಲ್ಲದೆಯೂ ಕೆಲಸ ಶುರು ಮಾಡಬಹುದು.

ಸೇರಿದ ಮೇಲೆ ಮೊದಲ ಸಂಬಳದಿಂದಲೇ ಎಚ್ಚರವಿರಲಿ. ಪೇಸ್ಲಿಪ್‌ನ ಕೆಳಗೆ 1,684 ಪೌಂಡ್ 20 ಪೆನ್ಸ್ ಎಂದಿದ್ದರೆ ಬ್ಯಾಂಕಿನಲ್ಲೂ ಅಷ್ಟೇ ಬೀಳಬೇಕು, ಆ 20 ಪೆನ್ಸ್ ಸಮೇತ. ‘1,500 ಬ್ಯಾಂಕಿಗೆ, ಉಳಿದದ್ದು ಕೈಗೆ’ ಎನ್ನುವ ಮಾಲೀಕರಿದ್ದಾರೆ. ಒಪ್ಪಬೇಡಿ. ಅರ್ಜಿಗೆ ಮುನ್ನ ಕಂಪನಿಯಿಂದ ಪತ್ರವೂ ಬೇಕು: ಕೆಲಸ ಕಾಯಂ ಹೌದೋ ಅಲ್ಲವೋ, ಎಂದಿನಿಂದ, ತೆರಿಗೆಗೆ ಮುಂಚಿನ ಸಂಬಳ ಎಷ್ಟು, ಆ ಸಂಬಳ ಯಾವಾಗಿನಿಂದ.

ಸಂಬಳ ಕಡಿಮೆ ಬಿದ್ದರೆ ಉಳಿತಾಯದ ಹಣ ತೋರಿಸುವ ದಾರಿಯಿದೆ, ಆದರೆ ದುಬಾರಿ. ಮಿತಿ 29,000 ಆಗಿದ್ದು ನಿಮ್ಮ ಸಂಬಳ 24,000 ಎನ್ನಿ. ಕೊರತೆ 5,000, ಅದರ ಎರಡೂವರೆ ಪಟ್ಟು 12,500, ಅದರ ಮೇಲೆ ನಿಯಮದಂತೆ ಎಲ್ಲರಿಗೂ ಸೇರುವ 16,000: ಒಟ್ಟು 28,500 ಪೌಂಡ್ ಆರು ತಿಂಗಳಿಂದ ನಿಮ್ಮ ಖಾತೆಯಲ್ಲಿ ಇರಬೇಕು. ಇಷ್ಟು ಗಂಟು ಇಲ್ಲದವರು ವಾರಕ್ಕೆ ಇನ್ನೊಂದಿಷ್ಟು ಗಂಟೆ ಹೆಚ್ಚಿಗೆ ಕೊಡುವ ಕೆಲಸ ಹುಡುಕುವುದೇ ಸಲೀಸು.