ಟೋಕಿಯೊಗೆ ಹೋಗಲು ಎಂಟು ಗಂಟೆ, ಬರಲು ಒಂಬತ್ತೂವರೆ

ಕಳೆದ ವಾರ ನಮ್ಮ ಟ್ರಾವೆಲ್ ಆಫೀಸಿಗೆ ಹಿರಿಯ ದಂಪತಿ ಬಂದಿದ್ದರು. ಮಗಳು ಟೋಕಿಯೊದಲ್ಲಿದ್ದಾಳೆ, ಇವರು ಮೊದಲ ಸಲ ಹೊರಟಿದ್ದಾರೆ. ಟಿಕೆಟ್ ನೋಡಿ ಅಮ್ಮ ಕೇಳಿದರು: "ಹೋಗುವಾಗ ರಾತ್ರಿ 7ಕ್ಕೆ ಹೊರಟರೆ ಬೆಳಗ್ಗೆ ಆರೂವರೆಗೆ ಮುಟ್ಟುತ್ತೆ. ಬರುವಾಗ ಬೆಳಗ್ಗೆ 11ಕ್ಕೆ ಹೊರಟು ಸಂಜೆ 5ಕ್ಕೇ ಬೆಂಗಳೂರು. ಬರೋದು ಅಷ್ಟು ಬೇಗನಾ?"

ಇಲ್ಲ, ಬರುವುದಕ್ಕೇ ಹೆಚ್ಚು ಹೊತ್ತು ಬೇಕು. ಟಿಕೆಟಿನಲ್ಲಿ ಹೊರಡುವ ಹೊತ್ತು ಹೊರಟ ಊರಿನದು, ಇಳಿಯುವ ಹೊತ್ತು ಇಳಿದ ಊರಿನದು. ಜಪಾನಿನ ಗಡಿಯಾರ ನಮಗಿಂತ ಮೂರೂವರೆ ಗಂಟೆ ಮುಂದಿದೆ. ಹೋಗುವಾಗ ಕಾಣುವ ಹನ್ನೊಂದೂವರೆ ಗಂಟೆಯಲ್ಲಿ ಮೂರೂವರೆ ಕಳೆಯಿರಿ, 8 ಉಳಿಯುತ್ತದೆ. ಬರುವಾಗ ಕಾಣುವ 6ಕ್ಕೆ ಮೂರೂವರೆ ಸೇರಿಸಿ, ಒಂಬತ್ತೂವರೆ ಆಗುತ್ತದೆ. ಕೆಲವು ದೇಶಗಳಲ್ಲಿ ಇರುವಂತೆ ಬೇಸಿಗೆಗೆ ಗಡಿಯಾರವನ್ನು ಮುಂದಕ್ಕೆ ತಿರುಗಿಸುವ ಪದ್ಧತಿ ಈ ಎರಡೂ ದೇಶಗಳಲ್ಲಿ ಇಲ್ಲ. ಹಾಗಾಗಿ ವರ್ಷಪೂರ್ತಿ ಇದೇ ಲೆಕ್ಕ.

ದೂರ ಒಂದೇ ತಾನೇ, ಮತ್ತೆ ಒಂದೂವರೆ ಗಂಟೆ ಜಾಸ್ತಿ ಯಾಕೆ? ಗಾಳಿ. ಭೂಮಿಯಿಂದ ಸುಮಾರು 10 ಕಿ.ಮೀ. ಮೇಲೆ, ವಿಮಾನಗಳು ಹಾರುವ ಎತ್ತರದಲ್ಲೇ, ಪಶ್ಚಿಮದಿಂದ ಪೂರ್ವಕ್ಕೆ ಜೆಟ್ ಸ್ಟ್ರೀಮ್ ಎಂಬ ಗಾಳಿ ಹೊಳೆಯಂತೆ ಹರಿಯುತ್ತದೆ. ಜಪಾನಿನ ಮೇಲೆ ಚಳಿಗಾಲದಲ್ಲಿ ಅದರ ರಭಸ ಗಂಟೆಗೆ 300 ಕಿ.ಮೀ. ದಾಟುವುದೂ ಉಂಟು. ಇದನ್ನು ಮೊದಲು ಅಳೆದವರಲ್ಲಿ ಒಬ್ಬರು ಜಪಾನಿನವರೇ ಆದ ಹವಾಮಾನ ತಜ್ಞ ವಾಸಾಬುರೊ ಒಯಿಶಿ. 1920ರ ದಶಕದಲ್ಲಿ ತಾತೆನೊ ಎಂಬಲ್ಲಿ ಬಲೂನ್ ಹಾರಿಸಿ ಲೆಕ್ಕ ಹಾಕಿದರು. ಜಗತ್ತಿಗೆಲ್ಲ ತಿಳಿಯಲಿ ಎಂದು ವರದಿಯನ್ನು ಎಲ್ಲ ದೇಶದವರಿಗೂ ಆಗಲಿ ಎಂದು ಕಟ್ಟಿದ ಎಸ್ಪೆರಾಂಟೊ ಎಂಬ ಭಾಷೆಯಲ್ಲಿ ಬರೆದರು. ಆ ಭಾಷೆ ಬಲ್ಲವರು ಕಡಿಮೆ, ಹಾಗಾಗಿ ಹೊರಗಿನವರ ಗಮನಕ್ಕೆ ಬರಲಿಲ್ಲ. ನನಗೆ ಈಗಲೂ ಅದನ್ನು ನೆನೆದರೆ ಬೇಜಾರಾಗುತ್ತದೆ.

ಬೆಂಗಳೂರಿನಿಂದ, ಟೋಕಿಯೊಗೆ ಹೋಗುವವರು ಇಳಿಯುವ ನರಿತಾ ವಿಮಾನ ನಿಲ್ದಾಣಕ್ಕೆ ನೇರ ದೂರ ಸುಮಾರು 6,700 ಕಿ.ಮೀ. ವಿಮಾನದ ವೇಗ ಗಂಟೆಗೆ 900 ಕಿ.ಮೀ. ಅಂದುಕೊಳ್ಳಿ. ಪೂರ್ವಕ್ಕೆ ಹೋಗುವಾಗ ದಾರಿಯುದ್ದಕ್ಕೂ ಗಂಟೆಗೆ ಸರಾಸರಿ 100 ಕಿ.ಮೀ. ಗಾಳಿ ಬೆನ್ನಿಗೆ ಸಿಕ್ಕರೆ ಅದೇ ದೂರ 6 ಗಂಟೆ 42 ನಿಮಿಷದಲ್ಲಿ ಮುಗಿಯುತ್ತದೆ. ಬರುವಾಗ ಅದೇ ಗಾಳಿ ಎದುರಾದರೆ 8 ಗಂಟೆ 22 ನಿಮಿಷ. ಇದರ ಮೇಲೆ ರನ್‌ವೇವರೆಗಿನ ಓಡಾಟ, ಏರುವುದು, ಇಳಿಯುವುದು, ದಾರಿಯ ಸುತ್ತು ಎಲ್ಲ ಸೇರಿ ಟಿಕೆಟಿನ ಸಮಯ ಆಗುತ್ತದೆ. ಗಾಳಿ ದಿನಾ ಒಂದೇ ತರ ಇರುವುದಿಲ್ಲ. ಅರ್ಧ ಗಂಟೆ ಮೊದಲೇ ಇಳಿದರೆ ಆಶ್ಚರ್ಯಪಡಬೇಡಿ.

ಟಿಕೆಟ್ ಅಗ್ಗ ಎಂದು ಸಿಂಗಾಪುರದ ಮೇಲೆ ಹೋಗುವವರಿದ್ದಾರೆ. ಆಗ ದೂರ ಸುಮಾರು 8,500 ಕಿ.ಮೀ. ಆಗುತ್ತದೆ, ನಡುವೆ ಕಾಯುವುದು ಬೇರೆ. ವಯಸ್ಸಾದವರಿಗೆ ನಾನು ನೇರ ವಿಮಾನವನ್ನೇ ಹೇಳುತ್ತೇನೆ. ಇನ್ನೊಂದು ಮಾತು. ನರಿತಾ ಇರುವುದು ಟೋಕಿಯೊದಲ್ಲಲ್ಲ, ಪಕ್ಕದ ಚಿಬಾದಲ್ಲಿ. ನಗರಕ್ಕೆ ಸುಮಾರು 60 ಕಿ.ಮೀ., ರೈಲಿನಲ್ಲಿ ಒಂದು ಗಂಟೆ ಇಟ್ಟುಕೊಳ್ಳಿ.

ಆ ಅಮ್ಮನಿಗೆ ಸಕ್ಕರೆ ಕಾಯಿಲೆ, ದಿನಕ್ಕೆ ಎರಡು ಸಲ ಇನ್ಸುಲಿನ್. ಇಳಿದ ಊರಿನ ಗಡಿಯಾರ ನೋಡಿ ತಗೊಂಡರೆ ಎರಡು ಡೋಸಿನ ನಡುವಿನ ಅಂತರವೇ ತಪ್ಪಿಹೋಗುತ್ತದೆ. ಹೋಗುವುದು, ಬರುವುದು ಎರಡರ ನಿಜವಾದ ಗಂಟೆಗಳನ್ನೂ ಟಿಕೆಟಿನ ಮೇಲೆ ಪೆನ್ನಿನಲ್ಲಿ ಬರೆದುಕೊಟ್ಟೆ. ಅದನ್ನು ಡಾಕ್ಟರಿಗೆ ತೋರಿಸಿ ಡೋಸ್ ಕೇಳಿಕೊಳ್ಳಿ, ಇನ್ಸುಲಿನ್ ಮಾತ್ರ ಕೈಚೀಲದಲ್ಲೇ ಇರಲಿ ಎಂದೆ.