ಹಿಡಿಯೊಳಗಿನ ತುಕ್ಕು

ಐನೂರು ವರ್ಷ ಬಾಳಿ ಬಂದ ಜಪಾನಿ ಕತ್ತಿಯೊಂದನ್ನು ಹಾಳುಮಾಡಲು ಐದು ನಿಮಿಷದ ಬಿಡುವು, ಒಂದು ತುಂಡು ಸ್ಯಾಂಡ್‌ಪೇಪರ್ ಮತ್ತು ಒಳ್ಳೆಯ ಮನಸ್ಸು ಇದ್ದರೆ ಸಾಕು. ಯುದ್ಧಗಳಿಂದ ಪಾರಾದ ಎಷ್ಟೋ ಕತ್ತಿಗಳು ಹೊಸ ಸಂಗ್ರಾಹಕರ ಉತ್ಸಾಹದಿಂದ ಪಾರಾಗಿಲ್ಲ. ಕೊಂಡು ತಂದವರು ಹಿಡಿಯನ್ನು ಬಿಚ್ಚುತ್ತಾರೆ. ಒಳಗೆ ಕಪ್ಪಗೆ ತುಕ್ಕು ಹಿಡಿದ ಬುಡ ಕಾಣುತ್ತದೆ. ಅಯ್ಯೋ ಪಾಪ ಎಂದು ಉಜ್ಜಿ ಉಜ್ಜಿ ಬೆಳ್ಳಗೆ ಮಾಡುತ್ತಾರೆ. ಅಲ್ಲಿಗೆ ಆ ಕತ್ತಿಯ ಜಾತಕವೇ ಅಳಿಸಿಹೋಯಿತು.

ಹಿಡಿಯೊಳಗೆ ಅಡಗಿರುವ ಈ ಬುಡಕ್ಕೆ ಜಪಾನಿನಲ್ಲಿ ನಕಾಗೊ ಎನ್ನುತ್ತಾರೆ. ಮೆಕುಗಿ ಎಂಬ ಒಂದು ಪುಟ್ಟ ಬಿದಿರಿನ ಗೂಟ ಅದನ್ನು ಹಿಡಿಗೆ ಬಿಗಿದಿಟ್ಟಿರುತ್ತದೆ. ಗೂಟ ತೆಗೆದರೆ ಇಡೀ ಕತ್ತಿ ಹಿಡಿಯಿಂದ ಕಳಚಿಕೊಳ್ಳುತ್ತದೆ. ಅಲಗನ್ನು ಶತಮಾನಗಳ ಉದ್ದಕ್ಕೂ ಹಲವು ಸಲ ಸಾಣೆ ಹಿಡಿದಿರುತ್ತಾರೆ, ಬುಡವನ್ನು ಮಾತ್ರ ಯಾರೂ ಮುಟ್ಟುವುದಿಲ್ಲ. ಹೀಗಾಗಿ ಕಮ್ಮಾರ ಅರ ಹಾಕಿದ ಗೀರುಗಳು, ಉಳಿಯಿಂದ ಕೆತ್ತಿದ ಸಹಿ, ಗೂಟದ ತೂತು ಎಲ್ಲವೂ ಅವನು ಬಿಟ್ಟುಹೋದಂತೆಯೇ ಅಲ್ಲಿ ಉಳಿದಿರುತ್ತವೆ. ಅವುಗಳ ಮೇಲೆ ಕಾಲ ತನ್ನ ಬಣ್ಣ ಬಳಿದಿರುತ್ತದೆ.

ತುಕ್ಕಿನಲ್ಲೂ ಎರಡು ಜಾತಿ. ಇಟ್ಟಿಗೆಪುಡಿಯ ಬಣ್ಣದ ಕೆಂಪು ತುಕ್ಕು ನೀರಿನಂಶ ಸೇರಿದ, ಸಡಿಲವಾದ ಆಕ್ಸೈಡು. ಅದು ತೇವವನ್ನು ಹಿಡಿದಿಟ್ಟುಕೊಂಡು ಒಳಗಿನ ಲೋಹವನ್ನು ತಿನ್ನುತ್ತಲೇ ಹೋಗುತ್ತದೆ. ನಿಧಾನವಾಗಿ, ಹಿಡಿಯ ಮರದೊಳಗಿನ ಕತ್ತಲಲ್ಲಿ ದಶಕಗಳ ಕಾಲ ಕೂಡಿಬಂದ ಕಪ್ಪು ತುಕ್ಕು ದಟ್ಟವಾಗಿರುತ್ತದೆ, ಲೋಹಕ್ಕೆ ಅಂಟಿಕೊಂಡಿರುತ್ತದೆ. ಅನುಭವಿಗಳು ಈ ಬಣ್ಣವನ್ನು ನೋಡಿಯೇ ಕತ್ತಿಯ ವಯಸ್ಸನ್ನು ಅಂದಾಜು ಮಾಡುತ್ತಾರೆ. ಸಹಿಯ ಗೆರೆಯೊಳಗಿನ ತುಕ್ಕು ಸುತ್ತಲಿನ ತುಕ್ಕಿಗಿಂತ ಎಳೆಯದಾಗಿ ಕಂಡರೆ ಆ ಸಹಿಯನ್ನು ಆಮೇಲೆ ಯಾರೋ ಕೆತ್ತಿದ್ದಾರೆ ಎಂದು ಅರ್ಥ. ಉಜ್ಜಿ ತೆಗೆದ ಮೇಲೆ ಈ ಸಾಕ್ಷ್ಯ ಮತ್ತೆ ಬರುವುದಿಲ್ಲ, ಕತ್ತಿಯ ಬೆಲೆಯೂ ಅದರೊಂದಿಗೇ ಇಳಿಯುತ್ತದೆ.

ಸುಳ್ಳು ಸಹಿಯ ಮಾತು ಬಂದದ್ದರಿಂದ ಹೇಳಿಬಿಡುತ್ತೇನೆ: ಇದು ಇಂಟರ್‌ನೆಟ್ ಕಾಲದ ಮೋಸವಲ್ಲ. ಹೆಸರಾಂತ ಕಮ್ಮಾರರ ಸಹಿಯನ್ನು ಸಾಧಾರಣ ಕತ್ತಿಗೆ ಹಾಕಿ ಮಾರುವ ಕಲೆ ಜಪಾನಿನಲ್ಲಿ ಶತಮಾನಗಳಷ್ಟು ಹಳೆಯದು. ಅದಕ್ಕೆ ಗಿಮೆಯ್ ಎಂಬ ಹೆಸರೇ ಇದೆ. ಹದಿನೇಳನೆಯ ಶತಮಾನದ ಕೊತೆತ್ಸುವಿನ ಸಹಿಯಂತೂ ಎಷ್ಟು ನಕಲಾಗಿದೆಯೆಂದರೆ, ಆ ಹೆಸರು ಕಂಡರೆ ಮೊದಲು ಸುಳ್ಳೆಂದೇ ಭಾವಿಸಿ ಮುಂದುವರಿಯುವುದು ಕ್ಷೇಮ. ಹದಿಮೂರು-ಹದಿನಾಲ್ಕನೆಯ ಶತಮಾನಗಳ ಸಂಧಿಯಲ್ಲಿ ಸಗಾಮಿ ಪ್ರಾಂತದಲ್ಲಿದ್ದ ಮಸಮುನೆ ಜಪಾನಿನ ಅತಿ ಪ್ರಸಿದ್ಧ ಕಮ್ಮಾರ. ಅವನ ಸಹಿ ಇರುವ ಕತ್ತಿಗಳು ಬೆರಳೆಣಿಕೆಯಷ್ಟು. ‘ಮಸಮುನೆಯ ಸಹಿ ಇರುವ ಕತ್ತಿ, ಅಗ್ಗದ ಬೆಲೆ’ ಎಂದು ಯಾರಾದರೂ ಹೇಳಿದರೆ ನಕ್ಕು ಮುಂದೆ ಹೋಗಬಹುದು. ಸಹಿ ಇಲ್ಲದಿರುವುದು ಮಾತ್ರ ದೋಷವಲ್ಲ. ಬದಲಾದ ಯುದ್ಧಪದ್ಧತಿಗೆ ತಕ್ಕಂತೆ ಉದ್ದದ ಹಳೆಯ ಕತ್ತಿಗಳನ್ನು ಮೊಟಕು ಮಾಡುವಾಗ ಮೊನೆಯನ್ನು ಬಿಟ್ಟು ಬುಡದ ಕಡೆಯಿಂದಲೇ ಕತ್ತರಿಸುತ್ತಿದ್ದರು. ಸಹಿ ಹೋಗುತ್ತಿದ್ದುದು ಹಾಗೆ. ಬುಡದಲ್ಲಿ ಎರಡು ಮೂರು ತೂತುಗಳಿದ್ದರೆ ಕತ್ತಿ ಕುಗ್ಗಿದ ಕಥೆ ಅಲ್ಲಿದೆ.

ಇನ್ನು ಅಲಗಿಗೆ ಬರೋಣ. ಇದರ ಉಕ್ಕು ಹುಟ್ಟುವುದು ತತಾರ ಎಂಬ ಮಣ್ಣಿನ ಕುಲುಮೆಯಲ್ಲಿ. ಶಿಮಾನೆ ಪ್ರಾಂತದ ಒಕುಇಜುಮೊದಲ್ಲಿ 1977ರಲ್ಲಿ ಮತ್ತೆ ಆರಂಭವಾದ ತತಾರ ಇಂದಿಗೂ ಚಳಿಗಾಲದಲ್ಲಿ ಉರಿಯುತ್ತದೆ. ಮೂರು ಹಗಲು ಮೂರು ರಾತ್ರಿ ಕಬ್ಬಿಣದ ಮರಳನ್ನೂ ಇದ್ದಿಲನ್ನೂ ಸರದಿಯಂತೆ ಸುರಿಯುತ್ತಾರೆ. ಸುಮಾರು ಹತ್ತು ಟನ್ ಮರಳು ಹಾಕಿದರೆ ಎರಡೂವರೆ ಟನ್ನಿನ ಒಂದು ಉಕ್ಕಿನ ಗಟ್ಟಿ ಬರುತ್ತದೆ, ಅದರಲ್ಲಿ ಕತ್ತಿಗೆ ಯೋಗ್ಯವಾದ ತಾಮಾಹಗಾನೆ ಒಂದು ಟನ್ನಿಗೂ ಕಡಿಮೆ. ಗಟ್ಟಿಯನ್ನು ಹೊರತೆಗೆಯಲು ಪ್ರತಿ ಸಲವೂ ಕುಲುಮೆಯನ್ನೇ ಒಡೆಯಬೇಕು.

ಇಲ್ಲಿ ಕನ್ನಡಿಗರಿಗೆ ಒಂದು ಪಕ್ಕದ ಮಾತು. ಯುರೋಪಿನ ಲೋಹವಿಜ್ಞಾನಿಗಳು ‘ವೂಟ್ಜ್’ ಎಂದು ಕರೆದು ಬೆರಗಾದ ದಕ್ಷಿಣ ಭಾರತದ ಉಕ್ಕಿನ ಹೆಸರು ನಮ್ಮ ‘ಉಕ್ಕು’ ಎಂಬ ಪದದಿಂದಲೇ ಬಂದದ್ದು ಎಂಬುದನ್ನು ಬಹುಮಂದಿ ವಿದ್ವಾಂಸರು ಒಪ್ಪುತ್ತಾರೆ. ಆದರೆ ಎರಡರ ದಾರಿ ಬೇರೆ. ನಮ್ಮವರು ಕಬ್ಬಿಣವನ್ನು ಮುಚ್ಚಿದ ಮೂಸೆಯಲ್ಲಿ ಪೂರ್ತಿ ಕರಗಿಸಿದರು. ನಿಧಾನವಾಗಿ ತಣಿದಾಗ ಅದರೊಳಗೆ ಇಂಗಾಲದ ಸಂಯುಕ್ತಗಳು ಸಾಲುಗಟ್ಟಿ, ಅಲಗಿನ ಮೇಲೆ ನೀರಿನ ಅಲೆಯಂಥ ವಿನ್ಯಾಸ ಮೂಡುತ್ತಿತ್ತು. ತಾಮಾಹಗಾನೆ ಪೂರ್ತಿ ಕರಗಿದ ಉಕ್ಕಲ್ಲ. ಅದರಲ್ಲಿ ಕಿಟ್ಟ ಉಳಿದಿರುತ್ತದೆ, ಇಂಗಾಲ ಒಂದು ಕಡೆ ಹೆಚ್ಚು, ಇನ್ನೊಂದು ಕಡೆ ಕಡಿಮೆ. ಅದಕ್ಕಾಗಿಯೇ ಕಾಯಿಸಿ, ಬಡಿದು, ಮಡಚಿ, ಮತ್ತೆ ಬಡಿಯುತ್ತಾರೆ. ಹತ್ತು ಸಲ ಮಡಚಿದರೆ 1024 ಪದರ, ಹದಿನೈದು ಸಲಕ್ಕೆ 32,768. ಕಿಟ್ಟ ಹೊರಬೀಳುತ್ತದೆ, ಇಂಗಾಲ ಸಮವಾಗುತ್ತದೆ. ‘ಲಕ್ಷಾಂತರ ಸಲ ಮಡಚಿದ ಕತ್ತಿ’ ಎಂಬ ಸಿನಿಮಾ ಮಾತನ್ನು ಯಾವ ಕಮ್ಮಾರನೂ ಹೇಳುವುದಿಲ್ಲ: ಪ್ರತಿ ಸಲ ಕಾಯಿಸಿದಾಗಲೂ ಇಂಗಾಲ ಸ್ವಲ್ಪ ಸುಟ್ಟುಹೋಗುತ್ತದೆ, ಅತಿಯಾಗಿ ಮಡಚಿದರೆ ಕೊನೆಗೆ ಉಳಿಯುವುದು ಮೆದು ಕಬ್ಬಿಣ.

ನಿಜವಾದ ಚಮತ್ಕಾರ ಹದ ಕೊಡುವಾಗ ನಡೆಯುತ್ತದೆ. ಕಮ್ಮಾರ ಅಲಗಿಗೆ ಜೇಡಿಮಣ್ಣಿನ ಲೇಪ ಹಚ್ಚುತ್ತಾನೆ, ಬೆನ್ನಿಗೆ ದಪ್ಪ, ಬಾಯಿಗೆ ತೆಳು. ಸುಮಾರು 750ರಿಂದ 800 ಡಿಗ್ರಿ ಸೆಲ್ಸಿಯಸ್‌ಗೆ ಕಾಯಿಸಿ ನೀರಿಗೆ ಅದ್ದುತ್ತಾನೆ. ತೆಳು ಲೇಪದ ಬಾಯಿ ಕ್ಷಣದಲ್ಲಿ ತಣಿಯುತ್ತದೆ. ಕಬ್ಬಿಣದ ಹರಳುಗಳೊಳಗಿನ ಇಂಗಾಲದ ಪರಮಾಣುಗಳಿಗೆ ಹೊರಬರಲು ವ್ಯವಧಾನವೇ ಸಿಗದೆ ಒಳಗೇ ಸಿಕ್ಕಿಬೀಳುತ್ತವೆ. ಹೀಗೆ ಹುಟ್ಟುವ ಮಾರ್ಟೆನ್ಸೈಟ್ ಬಲು ಗಟ್ಟಿ, ಅಷ್ಟೇ ಪೆಡಸು. ನಿಧಾನವಾಗಿ ತಣಿದ ಬೆನ್ನು ಮೆದುವಾಗಿ, ಪೆಟ್ಟು ತಾಳುವಂತೆ ಉಳಿಯುತ್ತದೆ. ಮಾರ್ಟೆನ್ಸೈಟ್‌ಗೆ ಹೆಚ್ಚು ಜಾಗ ಬೇಕು. ಆದ್ದರಿಂದ ಬಾಯಿಯ ಕಡೆ ಹಿಗ್ಗುತ್ತದೆ, ಬೆನ್ನು ಹಿಗ್ಗುವುದಿಲ್ಲ, ಕತ್ತಿ ಬೆನ್ನಿನ ಕಡೆಗೆ ಬಾಗುತ್ತದೆ. ಆ ಚೆಲುವಾದ ಬಾಗಿನಲ್ಲಿ ಸುತ್ತಿಗೆಯಷ್ಟೇ ಪಾಲು ನೀರಿಗೂ ಇದೆ. ಕೆಲವು ಅಲಗುಗಳು ಇದೇ ಎಳೆದಾಟದಲ್ಲಿ ಸಿಡಿದು ಬಿರುಕು ಬಿಡುತ್ತವೆ, ವಾರಗಳ ದುಡಿಮೆ ನೀರುಪಾಲಾಗುತ್ತದೆ.

ಗಟ್ಟಿ ಬಾಯಿಯೂ ಮೆದು ಮೈಯೂ ಕೂಡುವ ಗಡಿಯಲ್ಲಿ ಬೆಳ್ಳಗೆ ಮಂಜು ಕವಿದಂಥ ಒಂದು ರೇಖೆ ಮೂಡುತ್ತದೆ. ಇದೇ ಹಾಮೊನ್. ನೇರವಾಗಿ ಇರಬಹುದು, ಅಲೆಯಂತೆ ಏರಿಳಿಯಬಹುದು, ಲವಂಗದ ಮೊಗ್ಗುಗಳನ್ನು ಸಾಲಾಗಿ ಜೋಡಿಸಿದಂತೆ ಇರಬಹುದು. ಹೊಸಬರು ಕಲಿಯಬೇಕಾದ ಮೊದಲ ವಿದ್ಯೆ ಇದನ್ನು ನೋಡುವುದು. ಟ್ಯೂಬ್‌ಲೈಟಿನ ಕೆಳಗೆ ಎಂಥ ಕತ್ತಿಯೂ ಸ್ಟೀಲ್ ಪಟ್ಟಿಯಂತೆ ಕಾಣುತ್ತದೆ. ಕತ್ತಲ ಕೋಣೆಯಲ್ಲಿ ಒಂದೇ ಒಂದು ಬಲ್ಬು ಇಟ್ಟುಕೊಂಡು, ಅಲಗನ್ನು ಅದರತ್ತ ಚಾಚಿ, ಬೆಳಕು ಲೋಹದ ಮೇಲೆ ಜಾರುವಂತೆ ನಿಧಾನವಾಗಿ ಓರೆ ಮಾಡಬೇಕು. ಆಗ ಆ ಮಂಜಿನೊಳಗೆ ಸಣ್ಣ ಸಣ್ಣ ಕಣಗಳು ನಕ್ಷತ್ರದಂತೆ ಮಿನುಗುತ್ತವೆ. ಅವೇ ಮಾರ್ಟೆನ್ಸೈಟ್ ಗೊಂಚಲುಗಳು, ಬರಿಗಣ್ಣಿಗೆ ಕಾಣುವ ಹರಳುಲೋಕ. ಆಮ್ಲದಲ್ಲಿ ಕೊರೆದು ಮಾಡಿದ ನಕಲಿ ರೇಖೆ ಎಲ್ಲ ಕೋನಗಳಿಂದಲೂ ಒಂದೇ ಸಮನೆ ಕಾಣುತ್ತದೆ, ಆಳವಿರುವುದಿಲ್ಲ.

ಈ ನೋಟ ಪಳಗಲು ದುಡ್ಡು ಕೊಟ್ಟು ಕತ್ತಿ ಕೊಳ್ಳಲೇಬೇಕೆಂದಿಲ್ಲ. ಟೋಕಿಯೊದ ರ್‍ಯೋಗೊಕುವಿನಲ್ಲಿರುವ ಕತ್ತಿಗಳ ವಸ್ತುಸಂಗ್ರಹಾಲಯ ಇದಕ್ಕೆಂದೇ ಇದೆ. ಹೊರದೇಶದಲ್ಲಿರುವ ನಮ್ಮವರಿಗೆ ಲಂಡನ್ನಿನ ಬ್ರಿಟಿಷ್ ಮ್ಯೂಸಿಯಂ, ನ್ಯೂಯಾರ್ಕಿನ ಮೆಟ್ರೊಪಾಲಿಟನ್, ಬಾಸ್ಟನ್ನಿನ ಲಲಿತಕಲಾ ಸಂಗ್ರಹಾಲಯ ಹತ್ತಿರ. ಒಂದು ವರ್ಷ ನೋಡಿ, ಆಮೇಲೆ ಕೊಳ್ಳಿ ಎನ್ನುವುದು ನನ್ನ ಹಟ. ಈ ಮಾತನ್ನು ಕೇಳುವವರು ಕಡಿಮೆ ಎಂಬುದೂ ಗೊತ್ತು.

ಕೊಳ್ಳುವವರಿಗೆ ಲೆಕ್ಕ ಹೀಗಿದೆ. 1596ಕ್ಕಿಂತ ಹಿಂದಿನವು ಕೊತೊ, ಅಂದರೆ ಹಳೆಯ ಕತ್ತಿ. ಅಲ್ಲಿಂದ 1780ರವರೆಗಿನವು ಶಿಂತೊ, ಹೊಸ ಕತ್ತಿ. ನಾನೂರು ವರ್ಷದ ಹಿಂದಿನದನ್ನು ಹೊಸತು ಎನ್ನುವುದು ಈ ಲೋಕದ ರೀತಿ. ಅದರ ನಂತರ, 1876ರಲ್ಲಿ ಸಮುರಾಯ್‌ಗಳು ಕತ್ತಿ ಕಟ್ಟಿಕೊಂಡು ತಿರುಗುವುದನ್ನು ಸರ್ಕಾರ ನಿಷೇಧಿಸುವವರೆಗಿನವು ಶಿನ್‌ಶಿಂತೊ. ಅರವತ್ತು ಸೆಂಟಿಮೀಟರಿಗಿಂತ ಉದ್ದದ ಕಟಾನಾದ ಮೇಲೆ ಎಲ್ಲರ ಕಣ್ಣು. ಅದಕ್ಕಿಂತ ಗಿಡ್ಡದ ವಾಕಿಜಾಶಿ ಅದೇ ಕಮ್ಮಾರನ ಅದೇ ಕೈಚಳಕವನ್ನು ಕಡಿಮೆ ಬೆಲೆಗೆ ಕೊಡುತ್ತದೆ. ಮೊದಲ ಕತ್ತಿ ಶಿಂತೊ ಕಾಲದ ವಾಕಿಜಾಶಿಯಾಗಿರಲಿ.

ಎರಡನೇ ಮಹಾಯುದ್ಧದಲ್ಲಿ ಅಧಿಕಾರಿಗಳಿಗಾಗಿ ರಾಶಿರಾಶಿಯಾಗಿ ತಯಾರಾದ ಕತ್ತಿಗಳು ಬೇರೆಯೇ ವರ್ಗ. ಕಾರ್ಖಾನೆಯ ಉಕ್ಕು, ಎಣ್ಣೆಯಲ್ಲಿ ಕೊಟ್ಟ ಹದ, ಬುಡದ ಮೇಲೆ ಒಂದು ಮುದ್ರೆ. ಯುದ್ಧದ ಚರಿತ್ರೆಯಲ್ಲಿ ಆಸಕ್ತಿ ಇದ್ದವರಿಗೆ ಅವು ಸರಿ. ಆದರೆ ಸಾಂಪ್ರದಾಯಿಕ ವಿಧಾನದಲ್ಲಿ ಮಾಡದ ಕತ್ತಿಗೆ ಜಪಾನಿನಲ್ಲಿ ನೋಂದಣಿಯೇ ಸಿಗುವುದಿಲ್ಲ. ನೋಂದಣಿ ಪತ್ರದ ಬಗ್ಗೆಯೂ ಒಂದು ತಪ್ಪು ತಿಳಿವಳಿಕೆ ಇದೆ. ಅದರಲ್ಲಿರುವುದು ಉದ್ದ, ಬಾಗು, ತೂತುಗಳ ಸಂಖ್ಯೆ, ಬುಡದ ಮೇಲೆ ಕಂಡ ಸಹಿ. ಸಹಿ ನಿಜವೆಂದು ಅದು ಹೇಳುವುದಿಲ್ಲ. ಕತ್ತಿಯ ಗುಣವನ್ನು ಪರೀಕ್ಷಿಸಿ ಪತ್ರ ಕೊಡುವುದು 1948ರಲ್ಲಿ ಸ್ಥಾಪನೆಯಾದ ಜಪಾನಿ ಕಲಾಕತ್ತಿಗಳ ಸಂರಕ್ಷಣಾ ಸಂಘ. ಅದರ ಅತಿ ಕೆಳಗಿನ ದರ್ಜೆಯ ಪತ್ರವಿದ್ದರೂ ಹೊಸಬರಿಗೆ ನೆಮ್ಮದಿ. ಭಾರತಕ್ಕೆ ತರುವವರು 1959ರ ಶಸ್ತ್ರಾಸ್ತ್ರ ಕಾಯ್ದೆ ಕತ್ತಿಗೂ ಅನ್ವಯಿಸುತ್ತದೆ ಎಂಬುದನ್ನು ಹಣ ಕಳಿಸುವ ಮೊದಲೇ ನೆನೆಯಬೇಕು.

ದೋಷಗಳಲ್ಲಿ ಎರಡನ್ನು ಕ್ಷಮಿಸಬೇಡಿ. ಬಾಯಿಯ ಗಟ್ಟಿ ಉಕ್ಕಿನ ಅಡ್ಡಕ್ಕೆ ಹಾಯ್ದ ಕೂದಲೆಳೆಯ ಬಿರುಕು ಒಂದು. ಮೊನೆಯಲ್ಲಿ ಹಾಮೊನ್ ಅಳಿದುಹೋಗಿರುವುದು ಇನ್ನೊಂದು. ಬೆಂಕಿಗೆ ಬಿದ್ದ ಕತ್ತಿಯಲ್ಲಿ ಮಾರ್ಟೆನ್ಸೈಟ್ ತನ್ನ ರೂಪ ಕಳೆದುಕೊಂಡು ರೇಖೆ ಮಾಯವಾಗಿರುತ್ತದೆ, ಮತ್ತೆ ಹದ ಕೊಟ್ಟರೆ ಬರುವುದು ಎರಡನೆಯ ಕಮ್ಮಾರನ ರೇಖೆ. ಇದಕ್ಕೂ ಅಪವಾದವಿದೆ. 1615ರಲ್ಲಿ ಒಸಾಕಾ ಕೋಟೆ ಉರಿದಾಗ ಸುಟ್ಟ ಹೆಸರಾಂತ ಕತ್ತಿಗಳಿಗೆ ಎಚಿಜೆನ್ ಪ್ರಾಂತದ ಕಮ್ಮಾರ ಯಾಸುತ್ಸುಗು ಮರುಹದ ಕೊಟ್ಟ. ಅವುಗಳನ್ನು ಇಂದಿಗೂ ಗೌರವದಿಂದ ಕಾಪಾಡಿದ್ದಾರೆ. ಇದೇ ಯಾಸುತ್ಸುಗು ಹಡಗುಗಳಲ್ಲಿ ಬಂದ ಪರದೇಶದ ಕಬ್ಬಿಣವನ್ನೂ ಬಳಸಿ, ಹಾಗೆಂದು ಬುಡದ ಮೇಲೆ ಹೆಮ್ಮೆಯಿಂದ ಕೆತ್ತಿದ.

ಕತ್ತಿ ಮನೆಗೆ ಬಂತು. ಮೊದಲು ಗೂಟ ಬಿಗಿಯಾಗಿದೆಯೇ ನೋಡಿ. ಸಡಿಲ ಗೂಟದ ಕತ್ತಿಯನ್ನು ಬೀಸಿದರೆ ಕೈಯಲ್ಲಿ ಹಿಡಿ ಮಾತ್ರ ಉಳಿಯುತ್ತದೆ. ಬಾಯಿ ಮೇಲಾಗಿ ಹಿಡಿದು, ಬೆನ್ನು ಒರೆಯ ಮೇಲೆ ಜಾರುವಂತೆ ನಿಧಾನವಾಗಿ ಎಳೆಯಿರಿ. ಅಲಗನ್ನು ಬೆರಳಿನಿಂದ ಮುಟ್ಟಬೇಡಿ. ಬೆವರಿನ ಉಪ್ಪು ಮತ್ತು ಆಮ್ಲಕ್ಕೆ ಕೆಲವೇ ದಿನ ಸಾಕು, ನಿಮ್ಮ ಬೆರಳಚ್ಚು ಉಕ್ಕಿನ ಮೇಲೆ ಕಾಯಂ ಆಗಿರುತ್ತದೆ. ಅಲಗಿನ ಮೇಲೆ ಬಾಗಿ ಮಾತಾಡುವುದೂ ಬೇಡ, ಎಂಜಲ ಹನಿಯೂ ಅದೇ ಕೆಲಸ ಮಾಡುತ್ತದೆ. ಹಿಂದಿನವರು ಕತ್ತಿ ನೋಡುವಾಗ ತುಟಿಗಳ ನಡುವೆ ಕಾಗದ ಕಚ್ಚಿಕೊಳ್ಳುತ್ತಿದ್ದುದು ಬರೀ ಶಾಸ್ತ್ರಕ್ಕಲ್ಲ.

ಮೆದು ಬಟ್ಟೆಯನ್ನೋ ಕಾಗದವನ್ನೋ ಬೆನ್ನಿನ ಕಡೆಯಿಂದ ಮಡಚಿ ಹಿಡಿದು, ಬುಡದಿಂದ ಮೊನೆಯತ್ತ ಒಂದೇ ದಿಕ್ಕಿನಲ್ಲಿ ಹಳೆಯ ಎಣ್ಣೆ ಒರೆಸಿ, ಹೊಸದನ್ನು ತೆಳುವಾಗಿ ಸವರಬೇಕು. ಇದಕ್ಕೆ ಬಳಸುವುದು ಚೋಜಿ ಎಣ್ಣೆ, ಅಂದರೆ ಲವಂಗದ ಎಣ್ಣೆ. ಹಲ್ಲುನೋವಿಗೆ ಹಚ್ಚುವ ಲವಂಗದ ಎಣ್ಣೆ ಎಂದುಕೊಳ್ಳಬೇಡಿ. ಈಗ ಸಿಗುವುದು ಬಹುತೇಕ ಖನಿಜ ತೈಲ, ಲವಂಗ ಪರಿಮಳಕ್ಕಷ್ಟೇ. ಅಡುಗೆಮನೆಯ ಎಣ್ಣೆಗಳು ಗಾಳಿಯಲ್ಲಿ ಕಮಟಿ ಜಿಗುಟಾಗುತ್ತವೆ. ಉಚಿಕೊ ಎಂಬ ಸಾಣೆಕಲ್ಲಿನ ಪುಡಿಯ ಪುಟ್ಟ ಚೆಂಡಿನಿಂದ ಅಲಗನ್ನು ಮೆಲ್ಲಗೆ ತಟ್ಟುವ ದೃಶ್ಯ ಸಿನಿಮಾಗಳಲ್ಲಿ ಸೊಗಸಾಗಿ ಕಾಣುತ್ತದೆ. ಎಷ್ಟೇ ನುಣುಪಾದರೂ ಅದು ಕಲ್ಲಿನ ಪುಡಿ. ಒಳ್ಳೆಯ ಸಾಣೆಯ ಮೇಲೆ ಪದೇ ಪದೇ ಬಳಸಿದರೆ ಸಣ್ಣ ಗೀರುಗಳು ಬೀಳುತ್ತವೆ. ಹೊಸಬರು ಅದನ್ನು ಪೆಟ್ಟಿಗೆಯಲ್ಲೇ ಇಟ್ಟಿರಲಿ.

ಮಂಗಳೂರಿನ ಮಳೆಗಾಲದಂಥ ಹವೆಯಲ್ಲಿ ಕತ್ತಿಯನ್ನು ಮತ್ತೆ ಮತ್ತೆ ನೋಡುತ್ತಿರಬೇಕು, ಒಣ ಹವೆಯಲ್ಲಿ ಅಷ್ಟು ಅವಸರವಿಲ್ಲ. ಕತ್ತಿಯನ್ನು ಅಡ್ಡಲಾಗಿ, ಬಾಯಿ ಮೇಲಾಗಿ ಇಡಬೇಕು. ನಿಲ್ಲಿಸಿಟ್ಟರೆ ಎಣ್ಣೆ ಇಳಿದು ಮೊನೆಯಲ್ಲಿ ಸೇರುತ್ತದೆ. ಹೋನೊಕಿ ಎಂಬ ಮೆದು ಮರದ ಸಾದಾ ಒರೆಯೇ ಇದರ ಮನೆ. ಆ ಒರೆಯ ಎರಡು ಹೋಳುಗಳನ್ನು ಅಂಟಿಸುವುದು ಅನ್ನ ಅರೆದು ಮಾಡಿದ ಅಂಟಿನಿಂದ. ನಾವು ಹುಡುಗರಾಗಿದ್ದಾಗ ಅನ್ನದ ಅಗುಳಿನಿಂದ ಗಾಳಿಪಟ ಅಂಟಿಸಿದಂತೆಯೇ. ಒಳಗೆ ತುಕ್ಕೋ ಕೊಳೆಯೋ ಸೇರಿದರೆ ಒರೆಯನ್ನು ಒಡೆಯದೆ ಬಿಡಿಸಿ, ಶುಚಿಮಾಡಿ, ಮತ್ತೆ ಅಂಟಿಸಬಹುದು. ಇಂದಿನ ಗಟ್ಟಿ ಅಂಟು ಹಾಕಿದರೆ ಆ ಜಾಣತನ ಮಣ್ಣುಪಾಲು.

ಆಯುಧಪೂಜೆಯಂದು ಕುಂಕುಮ, ನಿಂಬೆಹಣ್ಣು ಒರೆಗೆ ಕೂಡ ಬೇಡ. ಹತ್ತಿರದಲ್ಲಿ ಒಂದು ಹೂವಿಟ್ಟರೆ ಸಾಕು. ಹುಣಸೆಹಣ್ಣಿನಿಂದ ಹಿತ್ತಾಳೆ ಬೆಳಗುವ ನಮ್ಮ ಕೈಗಳಿಗೆ ಇದು ಕಷ್ಟದ ಸಂಯಮ.

ಅಲಗಿನ ಮೇಲೆ ಕೆಂಪು ತುಕ್ಕು ಕಂಡರೆ ತರಬೇತಾದ ಸಾಣೆಗಾರರಿಗೇ ಒಪ್ಪಿಸಬೇಕು. ಒರಟು ಕಲ್ಲಿನಿಂದ ಹಿಡಿದು ಬೆರಳ ತುದಿಯಲ್ಲಿ ಹಿಡಿಯುವ ಕಾಗದದಷ್ಟು ತೆಳುವಾದ ಕಲ್ಲಿನ ಚೂರಿನವರೆಗೆ ಹಲವು ಹಂತಗಳಲ್ಲಿ ಅವರು ದಿನಗಟ್ಟಲೆ ದುಡಿಯುತ್ತಾರೆ. ಪ್ರತಿ ಸಾಣೆಯೂ ಒಂದಿಷ್ಟು ಉಕ್ಕನ್ನು ತೆಗೆಯುತ್ತದೆ. ಹಲವು ಸಲ ಸಾಣೆ ಕಂಡ ಕತ್ತಿಯಲ್ಲಿ ಹೊರಪದರ ಸವೆದು ಒಳಗಿನ ಮೆದು ಕಬ್ಬಿಣ ಇಣುಕುತ್ತದೆ, ಅದನ್ನು ದಣಿದ ಕತ್ತಿ ಎನ್ನುತ್ತಾರೆ. ಕೆಲಸ ಮುಗಿದ ಮೇಲೆ ಸಾಣೆಗಾರ ಅಲಗಿನ ಬುಡದಲ್ಲಿ, ಲೋಹದ ಕೊರಳಪಟ್ಟಿ ಮುಚ್ಚುವ ಜಾಗದಲ್ಲಿ, ಉಕ್ಕಿನ ಸೂಜಿಯಿಂದ ಕೆಲವು ನುಣುಪು ಗೆರೆಗಳನ್ನು ಎಳೆಯುತ್ತಾನೆ. ಅದು ಅವನ ಗುರುತು, ಗೆರೆಗಳ ಸಂಖ್ಯೆಯಿಂದ ಬಲ್ಲವರು ಪತ್ತೆ ಹಚ್ಚುತ್ತಾರೆ. ಆ ಗೆರೆಗಳಿಂದ ಕೆಳಗೆ, ಕಪ್ಪು ತುಕ್ಕಿನ ಬುಡದತ್ತ, ಅವನ ಕಲ್ಲು ಹೋಗುವುದಿಲ್ಲ.